ತಲೆ ಎತ್ತಲಾಗದ ಮುತ್ತು: ಹದಿನಾಲ್ಕು ವರ್ಷದ ಬೆಕ್ಕಿನ ಒಂದು ಅಪರೂಪದ ಕಾಯಿಲೆ

2023ರ ಅಕ್ಟೋಬರಿನಲ್ಲಿ ಅಮ್ಮ ಮಂಗಳೂರಿನಿಂದ ಫೋನ್ ಮಾಡಿ, "ಮುತ್ತು ಮಂಡೆ ಎತ್ತುದಿಲ್ಲ ಮಾರಾಯ್ತಿ, ನೆಲ ನೋಡಿಕೊಂಡೇ ನಡೀತದೆ" ಎಂದಳು. ನಾನು ಬೆಂಗಳೂರಿನಲ್ಲಿ ಆಫೀಸಿನ ಕೆಲಸದ ನಡುವೆ ಇದ್ದೆ. "ಪ್ರಾಯ ಆಯ್ತಲ್ಲ ಅಮ್ಮ" ಎಂದು ಫೋನ್ ಇಟ್ಟೆ.

ಅದಕ್ಕೂ ಮೊದಲು ಅಮ್ಮ ಬೇರೆ ವಿಷಯಗಳನ್ನೂ ಹೇಳಿದ್ದಳು. ಸೆಪ್ಟೆಂಬರಿನಲ್ಲಿ ಮುತ್ತು ಅಡುಗೆಕಟ್ಟೆಗೆ ಹಾರುವುದನ್ನು ಬಿಟ್ಟಿದ್ದಳು. ಬಾವಿಕಟ್ಟೆಯ ಬಕೆಟ್ಟಿನಿಂದ ಜಾಸ್ತಿ ನೀರು ಕುಡಿಯುತ್ತಿದ್ದಳು. ರಾತ್ರಿ ಕುರ್ಚಿಯ ಕಾಲಿಗೆ ಹೋಗಿ ತಾಗುತ್ತಿದ್ದಳು. ಒಂದೊಂದನ್ನೂ ಬೇರೆ ಬೇರೆ ದಿನ ಕೇಳಿದೆ, ಒಂದೊಂದಕ್ಕೂ ಅದೇ ಉತ್ತರ ಕೊಟ್ಟೆ. ನಾಲ್ಕನ್ನೂ ಒಂದೇ ಕಡೆ ಇಟ್ಟು ನೋಡಿದ್ದರೆ ಮೂರು ವಾರ ಉಳಿಯುತ್ತಿತ್ತು, ಬಹುಶಃ ಒಂದು ಕಣ್ಣೂ ಉಳಿಯುತ್ತಿತ್ತು. ಹಾಗಾಗಿಯೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮುತ್ತು 2009ರ ಮಳೆಗಾಲದಲ್ಲಿ ಸೌದೆ ಕೊಟ್ಟಿಗೆಯಲ್ಲಿ ಸಿಕ್ಕಿದ ಬೂದು ಬಣ್ಣದ ನಾಟಿ ಬೆಕ್ಕು. ಹೆಣ್ಣು, ಸಣ್ಣವಳಿದ್ದಾಗಲೇ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದ್ದೆವು. ಕಾಯಿಲೆ ಬಂದಾಗ ತೂಕ 3.8 ಕಿಲೋ. ಆ ಆಪರೇಷನ್ ಬಿಟ್ಟರೆ ಹದಿನಾಲ್ಕು ವರ್ಷದಲ್ಲಿ ಡಾಕ್ಟರ ಹತ್ತಿರ ಹೋದದ್ದು ಚುಚ್ಚುಮದ್ದಿಗೆ ಮತ್ತು ಒಮ್ಮೆ ನಾಯಿ ಕಚ್ಚಿದ್ದಕ್ಕೆ, ಅಷ್ಟೇ. ಊಟ ಅಂದರೆ ಅನ್ನ, ಬೇಯಿಸಿದ ಮೀನು, ಸ್ವಲ್ಪ ಪ್ಯಾಕೆಟ್ ಆಹಾರ, ಮತ್ತೆ ಬೆಳಿಗ್ಗೆ ಮೀನು ಮಾರುವ ಅಕ್ಕ "ಪುಚ್ಚೆಗೆ" (ತುಳುವಿನಲ್ಲಿ ಪುಚ್ಚೆ ಅಂದರೆ ಬೆಕ್ಕು) ಅಂತ ಎಸೆಯುವ ಹಸಿ ಬೂತಾಯಿ ಮೀನಿನ ತಲೆಗಳು.

ಈ ಹಸಿ ಮೀನಿನ ವಿಷಯ ಮುಂದೆ ಮುಖ್ಯವಾಗುತ್ತದೆ.

ಅಮ್ಮ ಕಳಿಸಿದ ವಿಡಿಯೋ ನೋಡಿದ ಮೇಲೆ ನನಗೆ ಭಯವಾಯಿತು. ಮುತ್ತುವಿನ ಗದ್ದ ಎದೆಗೆ ಅಂಟಿಕೊಂಡಿತ್ತು. ಯಾರಾದರೂ ಕರೆದರೆ ತಲೆ ಎತ್ತದೆ, ಕಣ್ಣು ಮಾತ್ರ ಮೇಲೆ ಮಾಡಿ ನೋಡುತ್ತಿದ್ದಳು. ಹಿಂಗಾಲು ಬೆರಳ ಮೇಲೆ ನಿಲ್ಲದೆ ಹಿಮ್ಮಡಿಯ ತನಕ ನೆಲಕ್ಕೆ ಊರುತ್ತಿತ್ತು. ನಾಲ್ಕು ಹೆಜ್ಜೆ ನಡೆದು ಕೂತುಬಿಡುತ್ತಿದ್ದಳು. ನೋವಿನಿಂದ ಕೂಗುತ್ತಿರಲಿಲ್ಲ, ಅದೇ ನಮ್ಮನ್ನು ಮೋಸಗೊಳಿಸಿದ್ದು. ನಾನು ಅಂದೇ ರಾತ್ರಿ ಬಸ್ಸು ಹತ್ತಿದೆ.

ಮಂಗಳೂರಿನ ನಮ್ಮ ಡಾಕ್ಟರು ಅವಳನ್ನು ನೋಡಿ ಮೊದಲು ಕೇಳಿದ್ದೇ ಊಟದ ಬಗ್ಗೆ. ಹಸಿ ಮೀನು ಅಂದ ತಕ್ಷಣ ಅವರಿಗೆ ಬಿ1 ವಿಟಮಿನ್ ನೆನಪಾಯಿತು. ಕೆಲವು ಹಸಿ ಮೀನುಗಳಲ್ಲಿ ಥಯಾಮಿನೇಸ್ ಅನ್ನುವ ಅಂಶ ಇರುತ್ತದೆ, ಅದು ಬಿ1 ಅನ್ನು ಒಡೆದು ಹಾಕುತ್ತದೆ. ಬಿ1 ತೀರಾ ಕಮ್ಮಿಯಾದ ಬೆಕ್ಕೂ ಹೀಗೆಯೇ ತಲೆ ಬಾಗಿಸುತ್ತದೆ, ಅದರ ಕಣ್ಣುಪಾಪೆಯೂ ಮುತ್ತುವಿನದರ ಹಾಗೇ ಅಗಲವಾಗಿರುತ್ತದೆ. ಮೀನು ಬೇಯಿಸಿದರೆ ಆ ತೊಂದರೆ ಇಲ್ಲ. ಕರಾವಳಿಯ ಡಾಕ್ಟರಿಗೆ ಇದು ಮೊದಲು ಹೊಳೆಯುವುದು ಸರಿಯೇ. ಮೂರು ದಿನ ಬಿ1 ಇಂಜೆಕ್ಷನ್ ಕೊಟ್ಟರು, ಆದರೆ ಮೊದಲ ದಿನವೇ ರಕ್ತವನ್ನೂ ತೆಗೆದಿಟ್ಟುಕೊಂಡರು. ಸುಮ್ನೆ ಕಾದು ನೋಡೋಣ ಎನ್ನಲಿಲ್ಲ. ಈ ಒಂದು ಕೆಲಸಕ್ಕೆ ನಾನು ಅವರಿಗೆ ಯಾವತ್ತೂ ಋಣಿ.

ಬಿ1 ಕೊರತೆಯಾಗಿದ್ದರೆ ಒಂದೆರಡು ದಿನದಲ್ಲಿ ಗುಣ ಕಾಣಬೇಕು. ಕಾಣಲಿಲ್ಲ. ಅಷ್ಟರಲ್ಲಿ ರಕ್ತದ ವರದಿ ಬಂತು. ಪೊಟ್ಯಾಸಿಯಂ ಲೀಟರಿಗೆ 2.3 ಮಿಲಿಮೋಲ್. ಬೆಕ್ಕಿಗೆ ಅದು 3.5ರ ಮೇಲೆ ಇರಬೇಕು. ಮಾಂಸಖಂಡಕ್ಕೆ ಪೆಟ್ಟಾದರೆ ಏರುವ ಸಿಕೆ ಅನ್ನುವ ಅಂಕಿ ಸಾವಿರಗಳಲ್ಲಿತ್ತು. ಕ್ರಿಯಾಟಿನಿನ್ 2.1, ಅಂದರೆ ಕಿಡ್ನಿಯೂ ಸ್ವಲ್ಪ ಸೋತಿದೆ. ಮುದಿ ಬೆಕ್ಕುಗಳಲ್ಲಿ ಸಾಮಾನ್ಯವಾದ ಥೈರಾಯ್ಡ್ ತೊಂದರೆ ಇರಲಿಲ್ಲ. ಗಿಡಕ್ಕೆ ಹೊಡೆಯುವ ಕೀಟನಾಶಕದ ವಿಷವೂ ಹೀಗೆ ಕುತ್ತಿಗೆ ಬೀಳಿಸಬಹುದಂತೆ, ಆದರೆ ನಮ್ಮ ಆಸುಪಾಸಿನಲ್ಲಿ ಯಾರೂ ಹೊಡೆದಿರಲಿಲ್ಲ.

ತಲೆಯೇ ಯಾಕೆ ಬೀಳುತ್ತದೆ ಎಂದು ನಾನು ಕೇಳಿದೆ. ದನಕ್ಕೆ, ನಾಯಿಗೆ ಕುತ್ತಿಗೆಯ ಹಿಂದೆ ತಲೆಯನ್ನು ಎತ್ತಿ ಹಿಡಿಯುವ ಗಟ್ಟಿ ನಾರಿನ ಪಟ್ಟಿಯೊಂದು ಇರುತ್ತದೆ. ಬೆಕ್ಕಿಗೆ ಅದಿಲ್ಲ. ಬೆಕ್ಕು ತಲೆ ಎತ್ತಿಕೊಂಡಿರುವುದು ಬರೀ ಮಾಂಸಖಂಡದ ಬಲದಿಂದ. ಪೊಟ್ಯಾಸಿಯಂ ಇಳಿದರೆ ಮಾಂಸಖಂಡ ಸೋಲುತ್ತದೆ, ಆಗ ಬೆಕ್ಕಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಕುತ್ತಿಗೆ. ಇನ್ನೂ ಇಳಿದರೆ ಉಸಿರಾಡಿಸುವ ಮಾಂಸಖಂಡವೂ ಸೋಲಬಹುದು. "ಇನ್ನೊಂದು ವಾರ ಬಿಟ್ಟಿದ್ದರೆ ಉಸಿರಿಗೆ ಕಷ್ಟ ಆಗ್ತಿತ್ತೋ ಏನೋ" ಎಂದರು ಡಾಕ್ಟರು. ಅಮ್ಮ ನನ್ನ ಮುಖ ನೋಡಲಿಲ್ಲ.

ಎರಡು ದಿನ ಡ್ರಿಪ್‌ನಲ್ಲಿ ಪೊಟ್ಯಾಸಿಯಂ ಹಾಕಿದರು. ಇದನ್ನು ಬಹಳ ನಿಧಾನವಾಗಿ ಹಾಕಬೇಕು, ತೂಕದ ಪ್ರತಿ ಕಿಲೋಗೆ ಗಂಟೆಗೆ 0.5 ಮಿಲಿಮೋಲ್ ಮೀರಬಾರದು. ಮೀರಿದರೆ ಹೃದಯ ನಿಲ್ಲಬಹುದು. ಪೊಟ್ಯಾಸಿಯಂ ಇಲ್ಲದ ಬರೀ ಸಲೈನ್ ಕೊಟ್ಟರೂ ಇದ್ದದ್ದು ಇನ್ನಷ್ಟು ಇಳಿಯುತ್ತದೆ. ಮನೆಯಲ್ಲಿ ಡ್ರಿಪ್ ಹಾಕಿಸುವವರು ಇದನ್ನು ತಿಳಿದಿರಬೇಕು. ಮೂರನೇ ದಿನ ಅಂಕಿ 2.9ಕ್ಕೆ ಬಂತು, ಮುತ್ತು ಅರ್ಧ ತಲೆ ಎತ್ತಿದಳು. ಅಮ್ಮ ಅಲ್ಲೇ ಅತ್ತಳು.

ಪೊಟ್ಯಾಸಿಯಂ ಸಿರಪ್ ಕೊಟ್ಟು ಮನೆಗೆ ಕಳಿಸಿದರು. ಒಂದು ವಾರ ಬಿಟ್ಟು ಮತ್ತೆ ನೋಡಿದರೆ 2.5.

ಕೇಸು ತಿರುಗಿದ್ದು ಇಲ್ಲಿ. ಕಿಡ್ನಿ ಸೋತ ಮುದಿ ಬೆಕ್ಕಿಗೆ ಪೊಟ್ಯಾಸಿಯಂ ಸ್ವಲ್ಪ ಇಳಿಯುವುದು ಹೊಸತೇನಲ್ಲ, ಹೊರಗಿನಿಂದ ಕೊಟ್ಟರೆ ಸಾಮಾನ್ಯವಾಗಿ ಮೇಲೆ ಬರುತ್ತದೆ. ಕೊಟ್ಟರೂ ನಿಲ್ಲುತ್ತಿಲ್ಲ ಅಂದರೆ? ಡಾಕ್ಟರು ಹೇಳಿದ ಮಾತು ನನಗೆ ಹಾಗೇ ನೆನಪಿದೆ: "ಅಮ್ಮ, ಇದು ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ ಉಂಟು. ಎಲ್ಲಿಂದ ಸೋರ್ತದೆ ನೋಡಬೇಕು. ಬಿಪಿ ನೋಡುವ ಮಷಿನ್ ನನ್ನಲ್ಲಿಲ್ಲ, ನೀವು ಬೆಂಗಳೂರಿಗೆ ಕರ್ಕೊಂಡು ಹೋಗಿ." ಬೆಕ್ಕಿಗೂ ಬಿಪಿ ನೋಡುತ್ತಾರೆ ಅನ್ನುವುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಶಿರಾಡಿ ಘಾಟಿ ಹತ್ತಿಕೊಂಡು ಸುಮಾರು 350 ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಅಮ್ಮನ ಹಳೆಯ ಹತ್ತಿ ಸೀರೆ. ದಾರಿಯಿಡೀ ಅಮ್ಮ ಮಾತಾಡುತ್ತಲೇ ಇದ್ದಳು, ನನ್ನ ಹತ್ತಿರ ಅಲ್ಲ, ಬುಟ್ಟಿಯ ಹತ್ತಿರ.

ಬೆಂಗಳೂರಿನಲ್ಲಿ ಹತ್ತು ನಿಮಿಷ ಕತ್ತಲೆ ಕೋಣೆಯಲ್ಲಿ ಸುಮ್ಮನೆ ಕೂರಿಸಿದರು, ಹೆದರಿಕೆಗೇ ಬಿಪಿ ಏರುತ್ತದಲ್ಲ, ಅದಕ್ಕೆ. ಆಮೇಲೆ ಮುಂಗಾಲಿಗೆ ಪುಟ್ಟ ಪಟ್ಟಿ ಕಟ್ಟಿ, ಡಾಪ್ಲರ್‌ನಲ್ಲಿ ನಾಡಿಯ ಸದ್ದು ಕೇಳುತ್ತಾ ಮತ್ತೆ ಮತ್ತೆ ಅಳೆದರು. ಮೊದಲನೆಯದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದರೆ 216. ಬೆಕ್ಕಿಗೆ 160 ದಾಟಿದರೆ ಬಿಪಿ, 180 ದಾಟಿದರೆ ಕಣ್ಣು, ಮೆದುಳು, ಕಿಡ್ನಿ, ಹೃದಯಕ್ಕೆ ಅಪಾಯ ಜಾಸ್ತಿ. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಎಡಗಣ್ಣಿನ ರೆಟಿನಾ, ಅಂದರೆ ಕಣ್ಣಿನ ಒಳಗೆ ಹಿಂದಿರುವ ಪರದೆ, ಪೂರ್ತಿ ಕಳಚಿತ್ತು. ಬಲಗಣ್ಣಿನದು ಒಂದು ಅಂಚಿನಲ್ಲಿ ಎದ್ದಿತ್ತು. ಕುರ್ಚಿಯ ಕಾಲಿಗೆ ತಾಗುತ್ತಿದ್ದದ್ದು ಇದಕ್ಕೆ.

ಪೊಟ್ಯಾಸಿಯಂ ತೀರಾ ಕೆಳಗೆ, ಬಿಪಿ ತೀರಾ ಮೇಲೆ. ಈ ಎರಡು ಒಟ್ಟಿಗೆ ಕಂಡರೆ ಅಡ್ರಿನಲ್ ಗ್ರಂಥಿ ನೋಡಬೇಕು ಎಂದರು ಅಲ್ಲಿನ ಡಾಕ್ಟರು. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಎಡಗಡೆ ಅಡ್ರಿನಲ್‌ನಲ್ಲಿ 2.1 ಸೆಂಟಿಮೀಟರಿನ ಗಡ್ಡೆ ಸಿಕ್ಕಿತು. ಬೆಕ್ಕಿನ ಅಡ್ರಿನಲ್ ಕೆಲವೇ ಮಿಲಿಮೀಟರ್ ದಪ್ಪ, ಹಾಗಾಗಿ ಅವಳ ಮೈಗೆ ಇದು ಸಣ್ಣ ಗಡ್ಡೆಯಲ್ಲ. ರಕ್ತದಲ್ಲಿ ಆಲ್ಡೋಸ್ಟೆರೋನ್ ಹಾರ್ಮೋನು ಆ ಲ್ಯಾಬಿನ ಯಂತ್ರ ಅಳೆಯುವ ಮಿತಿಯನ್ನೇ ದಾಟಿತ್ತು. ಈ ಹಾರ್ಮೋನು ಮನುಷ್ಯರಲ್ಲಿಯೂ ಬೆಕ್ಕಿನಲ್ಲಿಯೂ ಒಂದೇ, ಹಾಗಾಗಿ ಮನುಷ್ಯರ ಲ್ಯಾಬಿನಲ್ಲಿಯೇ ನೋಡಲು ಆಯಿತು. ವರದಿಯಲ್ಲಿ ಅಚ್ಚಾಗಿದ್ದ ನಾರ್ಮಲ್ ಅಂಕಿ ಮಾತ್ರ ಮನುಷ್ಯರದು, ಅದನ್ನು ಬೆಕ್ಕಿನ ಡಾಕ್ಟರೇ ಓದಿ ಹೇಳಬೇಕು.

ಕಾಯಿಲೆಯ ಹೆಸರು ಪ್ರೈಮರಿ ಹೈಪರ್ ಆಲ್ಡೋಸ್ಟೆರೋನಿಸಂ. ಕಾನ್ಸ್ ಸಿಂಡ್ರೋಮ್ ಎಂದೂ ಕರೆಯುತ್ತಾರೆ, 1950ರ ದಶಕದಲ್ಲಿ ಮನುಷ್ಯರಲ್ಲಿ ಇದನ್ನು ಗುರುತಿಸಿದ ಅಮೆರಿಕದ ಡಾಕ್ಟರ್ ಜೆರೋಮ್ ಕಾನ್ ಅವರ ಹೆಸರು. ಬೆಕ್ಕಿನಲ್ಲಿ ಇದರ ಮೊದಲ ವರದಿ 1983ರದು. ನಡೆಯುವುದು ಇಷ್ಟು: ಕಿಡ್ನಿಯ ಹತ್ತಿರ ಕೂತ ಅಡ್ರಿನಲ್, ಆಲ್ಡೋಸ್ಟೆರೋನ್ ಮೂಲಕ ಕಿಡ್ನಿಗೆ "ಉಪ್ಪು ಇಟ್ಟುಕೋ, ಪೊಟ್ಯಾಸಿಯಂ ಬಿಡು" ಎಂದು ಹೇಳುತ್ತಿರುತ್ತದೆ. ಗಡ್ಡೆ ಬೆಳೆದರೆ ಅದು ಹಗಲೂ ರಾತ್ರಿ ಅದನ್ನೇ ಹೇಳುತ್ತದೆ. ಉಪ್ಪು ನಿಂತು ಬಿಪಿ ಏರುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಡಾಕ್ಟರು ಹೇಳಿದ ಸೋರುವ ಕೊಡ ಇದೇ. ಕಿಡ್ನಿ ಕಾಯಿಲೆಯ ಹಾಗೆಯೇ ಕಾಣುವುದರಿಂದ ಎಷ್ಟೋ ಬೆಕ್ಕುಗಳಲ್ಲಿ ಇದು ಗೊತ್ತಾಗದೆಯೇ ಹೋಗುತ್ತದೆ.

ಆಮೇಲೆ ಬಂದದ್ದು ಆಪರೇಷನ್ ಪ್ರಶ್ನೆ. ಒಂದೇ ಕಡೆ ಗಡ್ಡೆ ಇದ್ದರೆ ಆ ಅಡ್ರಿನಲ್ ತೆಗೆದುಬಿಟ್ಟರೆ ಕಾಯಿಲೆ ಬೇರು ಸಮೇತ ಹೋಗಬಹುದು, ಮಾತ್ರೆಯೂ ಬೇಡ. ಆದರೆ ಆ ಜಾಗದಲ್ಲಿ ದೊಡ್ಡ ರಕ್ತನಾಳ ಇದೆ, ಗಡ್ಡೆ ಅದರೊಳಗೆ ನುಗ್ಗಿದ್ದರೆ ಟೇಬಲ್ ಮೇಲೆಯೇ ರಕ್ತ ಹೋಗಿ ಸಾಯಬಹುದು. ಮೊದಲು ಸಿಟಿ ಸ್ಕ್ಯಾನ್ ಆಗಬೇಕು, ಅದಕ್ಕೂ ಅರಿವಳಿಕೆ ಬೇಕು. ಅವಳ ಹೃದಯದ ಗೋಡೆ ಬಿಪಿಯಿಂದ ಸ್ವಲ್ಪ ದಪ್ಪವಾಗಿತ್ತು, ಕಿಡ್ನಿ ಮೊದಲೇ ಸೋತಿತ್ತು.

ನನಗೆ ಮಾಡಿಸಬೇಕು ಅಂತ ಇತ್ತು. ಅಮ್ಮ ಬೇಡ ಎಂದಳು. "ಹೊಟ್ಟೆ ಕೊಯ್ದು ಅದು ಯಾರೂ ಗೊತ್ತಿಲ್ಲದ ಜಾಗದಲ್ಲಿ ಕಣ್ಣು ಮುಚ್ಚುದು ಬೇಡ. ಮದ್ದು ನಾನು ಕೊಡ್ತೇನೆ" ಎಂದಳು. ಎರಡು ದಿನ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ಡಾಕ್ಟರು ಯಾವ ಕಡೆಗೂ ಒತ್ತಲಿಲ್ಲ. ಮಾತ್ರೆಯಲ್ಲಿ ಕೆಲವು ಬೆಕ್ಕುಗಳಿಗೆ ತಿಂಗಳುಗಳು ಸಿಗುತ್ತವೆ, ಕೆಲವಕ್ಕೆ ವರ್ಷದ ಮೇಲೂ ಸಿಗುತ್ತದೆ ಎಂದಷ್ಟೇ ಹೇಳಿದರು. ಕೊನೆಗೆ ನಾನು ಒಪ್ಪಿದೆ. ಒಂಬತ್ತು ವರ್ಷದ ಗಟ್ಟಿ ಬೆಕ್ಕಾಗಿದ್ದರೆ ನಾನು ಖಂಡಿತ ಆಪರೇಷನ್ ಕಡೆಗೇ ನಿಲ್ಲುತ್ತಿದ್ದೆ, ಇವತ್ತಿಗೂ ಅದೇ ಹೇಳುತ್ತೇನೆ. ಮುತ್ತುವಿನ ವಿಷಯದಲ್ಲಿ ಸರಿ ಮಾಡಿದೆವಾ ಎಂದು ಈಗಲೂ ಕೆಲವು ರಾತ್ರಿ ಕೇಳಿಕೊಳ್ಳುತ್ತೇನೆ.

ಇನ್ನೊಂದು ವಿಷಯದಲ್ಲಿ ಮಾತ್ರ ಅನುಮಾನವೇ ಇಲ್ಲ. ಡಾಕ್ಟರು, ಯಂತ್ರ ಎಲ್ಲ ಬೆಂಗಳೂರಿನಲ್ಲಿ, ಹಾಗಾಗಿ ಅವಳು ನನ್ನ ಫ್ಲ್ಯಾಟಿನಲ್ಲೇ ಇರಲಿ ಎಂದುಕೊಂಡಿದ್ದೆ. ಐದು ದಿನ ಇಟ್ಟುಕೊಂಡೆ. ಅರೆಗುರುಡಿ ಬೆಕ್ಕು, ಗೊತ್ತಿಲ್ಲದ ಗೋಡೆಗಳು, ಅವಳು ಬಾತ್‌ರೂಮಿನ ಮೂಲೆ ಬಿಟ್ಟು ಕದಲಲಿಲ್ಲ. ಮಂಗಳೂರಿಗೆ ವಾಪಸು ಹೋದ ದಿನ ಬುಟ್ಟಿಯಿಂದ ಇಳಿದು, ನಿಧಾನಕ್ಕೆ, ಎಲ್ಲಿಯೂ ತಾಗದೆ, ಪಡಸಾಲೆ ದಾಟಿ ಅಡುಗೆಮನೆಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ಆ ಮನೆ ಅವಳ ಕಾಲಿಗೆ ಬಾಯಿಪಾಠ ಇತ್ತು. ಅವತ್ತಿನಿಂದ ಅಮ್ಮ ಮನೆಯಲ್ಲಿ ಒಂದು ಕುರ್ಚಿಯನ್ನೂ ಸರಿಸಲು ಬಿಡಲಿಲ್ಲ.

ಮದ್ದು ಮೂರು. ಬಿಪಿಗೆ ಆಮ್ಲೊಡಿಪಿನ್, 2.5 ಮಿಲಿಗ್ರಾಮಿನ ಮಾತ್ರೆಯಲ್ಲಿ ಅರ್ಧ, ದಿನಕ್ಕೆ ಒಮ್ಮೆ. ಆಲ್ಡೋಸ್ಟೆರೋನಿನ ಮಾತಿಗೆ ಅಡ್ಡ ನಿಲ್ಲುವ ಸ್ಪೈರೊನೊಲ್ಯಾಕ್ಟೋನ್, 25ರ ಮಾತ್ರೆಯಲ್ಲಿ ಕಾಲು ಭಾಗ, ಎರಡು ಹೊತ್ತು. ಮತ್ತೆ ಪೊಟ್ಯಾಸಿಯಂ. ಇವು 3.8 ಕಿಲೋದ ನಮ್ಮ ಬೆಕ್ಕಿಗೆ, ಅವಳ ರಕ್ತ ನೋಡಿ ಕೊಟ್ಟ ಲೆಕ್ಕ. ದಯವಿಟ್ಟು ಇದನ್ನೇ ನೋಡಿ ನಿಮ್ಮ ಬೆಕ್ಕಿಗೆ ಕೊಡಬೇಡಿ. ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಂ ಉಳಿಸುತ್ತದೆ, ಜೊತೆಗೆ ಸಿರಪ್ಪನ್ನೂ ಕೊಡುತ್ತಿದ್ದರೆ ಅಂಕಿ ಅತಿಯಾಗಿ ಏರಲೂಬಹುದು, ಹಾಗಾಗಿ ರಕ್ತ ನೋಡದೆ ಒಂದು ಹನಿಯೂ ಹೆಚ್ಚು ಕಮ್ಮಿ ಮಾಡಬಾರದು. ಮೂರೂ ಮನುಷ್ಯರ ಮೆಡಿಕಲ್ ಶಾಪಿನಲ್ಲಿ ಸಿಗುವಂಥವು. ತಿಂಗಳಿಗೆ ಐನೂರು ರೂಪಾಯಿ ಕೂಡ ಆಗುತ್ತಿರಲಿಲ್ಲ. ದುಡ್ಡು ಹೋದದ್ದು ಸ್ಕ್ಯಾನು, ಟೆಸ್ಟು, ಓಡಾಟಕ್ಕೆ.

ಮಾತ್ರೆ ಕಷ್ಟವಾಗಲಿಲ್ಲ. ಅಮ್ಮ ಚೂರನ್ನು ಗಟ್ಟಿ ತುಪ್ಪದಲ್ಲಿ ಹೊರಳಿಸಿ ಬಾಯೊಳಗೆ ಹಿಂದಕ್ಕೆ ಇಟ್ಟು, ಸೂಜಿ ಇಲ್ಲದ ಸಿರಿಂಜಿನಲ್ಲಿ ಸ್ವಲ್ಪ ನೀರು ಬಿಡುತ್ತಿದ್ದಳು. ನೀರು ಮುಖ್ಯ, ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣಾಗಬಹುದು.

ಕಷ್ಟವಾದದ್ದು ಸಿರಪ್. ಬೇರೆ ಕಡೆ ಬೆಕ್ಕುಗಳಿಗೆ ಪೊಟ್ಯಾಸಿಯಂ ಗ್ಲುಕೋನೇಟ್ ಪುಡಿ ಕೊಡುತ್ತಾರೆ, ಅದು ಬಾಯಿಗೆ ಅಷ್ಟು ಕೆಟ್ಟದ್ದಲ್ಲ. ನಮಗೆ ಸಿಕ್ಕಿದ್ದು ಮನುಷ್ಯರ ಪೊಟ್ಯಾಸಿಯಂ ಕ್ಲೋರೈಡ್ ಸಿರಪ್. ನಾಲಿಗೆಗೆ ಮುಟ್ಟಿಸಿ ನೋಡಿದೆ, ಉಪ್ಪು, ಕಹಿ, ಉರಿ. ಮೊದಲ ರಾತ್ರಿ ಅದನ್ನು ಹಾಗೇ ಬಾಯಿಗೆ ಬಿಟ್ಟೆವು. ಮುತ್ತು ಬಾಯಿ ತುಂಬಾ ನೊರೆ ಸುರಿಸಿ, ಮಂಚದ ಕೆಳಗೆ ಸೇರಿ, ಎರಡು ದಿನ ಅಮ್ಮನ ಕೈಯಿಂದ ಏನೂ ತಿನ್ನಲಿಲ್ಲ. ನೊರೆ ಬಂದದ್ದು ರುಚಿಗೆ, ವಿಷಕ್ಕಲ್ಲ, ಆದರೆ ಆ ರಾತ್ರಿ ಅಮ್ಮ ನಿದ್ದೆ ಮಾಡಲಿಲ್ಲ. ಆಮೇಲೆ ಅಮ್ಮನೇ ದಾರಿ ಹುಡುಕಿದಳು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬಂಗುಡೆ ಬೇಯಿಸಿದ ನೀರು. ದಿನದ ಸಿರಪ್ಪನ್ನು ನಾಲ್ಕು ಪಾಲು ಮಾಡಿ, ಒಂದೊಂದು ಪಾಲನ್ನು ಆ ನೀರಿನಲ್ಲಿ ಕಲಸಿ, ಮೀನು ಕಿವುಚಿ ಹಾಕಿ ಕೊಡುವುದು. ಮೂಸಿ ನೋಡಿ ನೆಕ್ಕಿದಳು.

ತಲೆ ತಗ್ಗಿಸಿ ತಿಂದರೆ ಕುತ್ತಿಗೆ ಸೋಲುತ್ತದಲ್ಲ, ಅದಕ್ಕೆ ಬಟ್ಟಲನ್ನು ಊಟದ ಮಣೆಯ ಮೇಲೆ ಇಡುತ್ತಿದ್ದಳು. ಮರಳಿನ ತಟ್ಟೆಯ ಒಂದು ಅಂಚನ್ನು ಕತ್ತಿಯಲ್ಲಿ ಕೊಯ್ದು ತಗ್ಗು ಮಾಡಿದಳು. ಮುಟ್ಟುವ ಮೊದಲು ಹೆಸರು ಹೇಳಬೇಕು ಎಂದು ಪಕ್ಕದ ಮನೆಯ ಮಕ್ಕಳಿಗೂ ಕಲಿಸಿದಳು. ಇದನ್ನೆಲ್ಲ ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ.

ಬಿಪಿ ನೋಡಿಸಲು ಪ್ರತಿ ಸಲ ಘಾಟಿ ಹತ್ತುವುದು ಆಗದ ಮಾತು. ನಮ್ಮ ಡಾಕ್ಟರು ನಾಡಿಯ ಸದ್ದು ಕೇಳಿಸುವ ಸಣ್ಣ ಡಾಪ್ಲರ್ ಒಂದನ್ನು ತರಿಸಿ, ನವಜಾತ ಶಿಶುಗಳಿಗೆ ಕಟ್ಟುವ ಪುಟ್ಟ ಪಟ್ಟಿಯನ್ನು ಜೋಡಿಸಿಕೊಂಡರು. ಡಿಸೆಂಬರ್ ಮಧ್ಯದಲ್ಲಿ ಬಿಪಿ 158, ಪೊಟ್ಯಾಸಿಯಂ 3.4. ಎಡಗಣ್ಣು ಹೋದದ್ದು ಹೋಯಿತು, ಬಲಗಣ್ಣಿನ ರೆಟಿನಾ ವಾಪಸು ಕೂತಿತು. ಬಿಪಿ ಇಳಿದ ಮೇಲೆ ಕ್ರಿಯಾಟಿನಿನ್ 2.6ಕ್ಕೆ ಏರಿತು. ಬಿಪಿ ಜಾಸ್ತಿ ಇದ್ದಾಗ ಕಿಡ್ನಿಯ ನಿಜವಾದ ಸ್ಥಿತಿ ಮುಚ್ಚಿರುತ್ತದೆ, ಇಳಿದಾಗ ಕಾಣುತ್ತದೆ ಎಂದು ಮೊದಲೇ ಎಚ್ಚರಿಸಿದ್ದರಿಂದ ನಾವು ಗಾಬರಿಯಾಗಲಿಲ್ಲ. ಜನವರಿಯಲ್ಲಿ ಒಂದು ದಿನ ಅಮ್ಮ ಫೋಟೋ ಕಳಿಸಿದಳು. ಮುತ್ತು ಬಾವಿಕಟ್ಟೆಯ ಬಿಸಿಲಿನಲ್ಲಿ ಕೂತು ತಲೆ ಎತ್ತಿ ತೆಂಗಿನ ಮರದ ಕಾಗೆಯನ್ನು ನೋಡುತ್ತಿದ್ದಳು, ಒಂದೇ ಕಣ್ಣಿನಲ್ಲಿ.

ಜೂನ್ ಬಂತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂಗುಡೆ ಇಲ್ಲ. ಒಣಮೀನು ಮನೆಯಲ್ಲಿತ್ತು, ಆದರೆ ಅದರ ತುಂಬ ಉಪ್ಪು, ಬಿಪಿಯವಳಿಗೆ ಕೊಡುವ ಹಾಗಿಲ್ಲ. ಕೋಳಿ ಬೇಯಿಸಿದ ನೀರು ಮಾಡಿಟ್ಟರೆ ಮುತ್ತು ಮುಖ ತಿರುಗಿಸಿದಳು. ನಾಲ್ಕು ದಿನ ಸಿರಪ್ ಸರಿಯಾಗಿ ಹೋಗಲಿಲ್ಲ, ಐದನೇ ದಿನ ಗದ್ದ ಮತ್ತೆ ಎದೆಯ ಕಡೆಗೆ ಬಾಗಿತು. ರಕ್ತ ನೋಡಿಸಿದರೆ 2.8. ಅಮ್ಮ ಮೀನಿನ ಅಕ್ಕನಿಗೆ ಹೇಳಿಟ್ಟಳು, ನಾಡದೋಣಿಯ ಮೀನು ಬಂದರೆ ಒಂದು ಹಿಡಿ ನಮಗೆ ಇಡು ಎಂದು. ನಾಡದೋಣಿಗಳಿಗೆ ನಿಷೇಧವಿಲ್ಲ, ಕಡಲು ಬಿಟ್ಟ ದಿನ ಹೋಗುತ್ತವೆ. ಆ ಅಕ್ಕ ಮಳೆಯಲ್ಲಿ ನೆನೆದುಕೊಂಡು ಬಂದು ಕೊಟ್ಟು ಹೋಗುತ್ತಿದ್ದಳು, ಎಷ್ಟೋ ದಿನ ದುಡ್ಡೂ ತೆಗೆದುಕೊಳ್ಳದೆ. ಅಮ್ಮ ಅದನ್ನು ಬೇಯಿಸಿ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿನಲ್ಲಿ ಇಟ್ಟಳು. ಜುಲೈ ಕೊನೆಗೆ ಪೊಟ್ಯಾಸಿಯಂ 3.6, ಅಷ್ಟೂ ತಿಂಗಳಲ್ಲಿ ಅದೇ ಅತಿ ಒಳ್ಳೆಯ ಅಂಕಿ.

ಆ ನಡುವೆ ನಾನೊಮ್ಮೆ ಅಮ್ಮನ ಹತ್ತಿರ, ನೋವಿಲ್ಲದೆ ಜೀವ ಬಿಡಿಸುವ ಇಂಜೆಕ್ಷನ್ ವಿಷಯ ಎತ್ತಿದ್ದೆ. ತೀರಾ ಕಷ್ಟಪಟ್ಟರೆ ಮಲಗಿಸಿಬಿಡುವುದು ತಪ್ಪಲ್ಲ ಎಂದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಅದು ತಿನ್ನುದು ಬಿಟ್ಟ ದಿನ ಕೇಳು. ಅದರ ಮೊದಲು ಕೇಳಬೇಡ" ಎಂದಳು. ಅದನ್ನೇ ಲೆಕ್ಕಕ್ಕೆ ಇಟ್ಟುಕೊಂಡೆವು: ತಿನ್ನುತ್ತಾಳಾ, ತನ್ನ ಜಾಗಕ್ಕೆ ತಾನೇ ನಡೆದು ಹೋಗುತ್ತಾಳಾ, ಅಮ್ಮನ ಸ್ವರ ಕೇಳಿದರೆ ಕಿವಿ ತಿರುಗಿಸುತ್ತಾಳಾ. ಡಾಕ್ಟರೂ ಅದು ಸರಿ ಎಂದರು.

ಆ ಪ್ರಶ್ನೆ ಕೇಳುವ ದಿನ ಬರಲೇ ಇಲ್ಲ. ಆಗಸ್ಟ್ ಎರಡನೇ ವಾರ ಒಂದು ಬೆಳಿಗ್ಗೆ ಆರು ಗಂಟೆಗೆ ಮೀನಿನ ನೀರು ನೆಕ್ಕಿ, ಬಾಗಿಲ ಕಡೆಗೆ ನಡೆದವಳು ಹಾಗೇ ಬಿದ್ದಳು. ಅಮ್ಮ ಎತ್ತಿಕೊಂಡಾಗ ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ಡಾಕ್ಟರು ಮನೆಗೇ ಓಡಿ ಬಂದರು. ಗಡ್ಡೆ ಒಡೆದು ಒಳಗೆ ರಕ್ತ ಹೋಗಿರಬೇಕು, ಅಡ್ರಿನಲ್ ಗಡ್ಡೆಗಳಲ್ಲಿ ಹೀಗೆ ಆಗುವುದುಂಟು ಎಂದರು. ನೋವಿಗೆ ಮದ್ದು ಕೊಟ್ಟರು. ಅರ್ಧ ಗಂಟೆಯಲ್ಲಿ, ಅಮ್ಮನ ಮಡಿಲಲ್ಲಿ, ಹೋದಳು. ಗೊತ್ತಾದ ಮೇಲೆ ಒಂಬತ್ತು ತಿಂಗಳು ಬದುಕಿದ್ದಳು.

ನಾನು ಸಂಜೆ ತಲುಪುವ ತನಕ ಅಮ್ಮ ಅವಳನ್ನು ಅದೇ ಹತ್ತಿ ಸೀರೆಯಲ್ಲಿ ಸುತ್ತಿ ಒಳಗಿನ ಕೋಣೆಯಲ್ಲಿ ಇಟ್ಟುಕೊಂಡಿದ್ದಳು. ಗಡ್ಡೆ ಕ್ಯಾನ್ಸರಿನದೋ ಸಾದಾ ಗಡ್ಡೆಯೋ ಎಂದು ತಿಳಿಯಬೇಕಾದರೆ ಹೊಟ್ಟೆ ತೆರೆದು ಚೂರು ಕಳಿಸಬೇಕು, ಬೇಕಾ ಎಂದು ಡಾಕ್ಟರು ಕೇಳಿದರು. ಅಮ್ಮ ಬೇಡವೆಂದು ತಲೆ ಅಲ್ಲಾಡಿಸಿದಳು. ಈ ಸಲ ನಾನು ವಾದ ಮಾಡಲಿಲ್ಲ. ಅಬ್ಬಲಿಗೆ ಗಿಡದ ಹತ್ತಿರ, ಮಳೆ ಸ್ವಲ್ಪ ನಿಂತ ಹೊತ್ತು ನೋಡಿ, ಹೂತೆವು.